ಸರಣಿಯಲ್ಲಿ ಒಂದು ದಿನ

ಪೀಣ್ಯದ ಸಣ್ಣ ಕಾರ್ಖಾನೆಗಳಲ್ಲಿ ಹೊಸ ಕೆಲಸವೊಂದನ್ನು ಲೇತಿಗೆ ಏರಿಸಿದಾಗ ಮೊದಲು ಕಡೆದ ಪೀಸನ್ನು ಇನ್ಸ್‌ಪೆಕ್ಟರನ ಬಳಿಗೆ ಒಯ್ಯುವುದು ಪದ್ಧತಿ. ಅವನು ಅದನ್ನು ಮೈಕ್ರೋಮೀಟರಿನಲ್ಲಿ ಹಿಡಿದು, ಅಳೆದು, ಸರಿಯಿದೆಯೆಂದು ಹೇಳಿದ ಮೇಲೆಯೇ ಕೆಲಸ ಮುಂದುವರಿಯುವುದು. ಆದರೆ ಆ ಒಂದು ಪೀಸು ಸರಿಯಿದ್ದ ಮಾತ್ರಕ್ಕೆ ಸಂಜೆಯವರೆಗೆ ಹೊರಬೀಳುವ ನಾನೂರೂ ಸರಿಯಾಗಿರುತ್ತವೆಂದು ನಂಬುವ ಇನ್ಸ್‌ಪೆಕ್ಟರನನ್ನು ನಾನು ಕಂಡಿಲ್ಲ. ಟೂಲು ಸವೆಯುತ್ತದೆ; ಮಧ್ಯಾಹ್ನದ ಹೊತ್ತಿಗೆ ಯಂತ್ರ ಬಿಸಿಯೇರುತ್ತದೆ; ಶಿಫ್ಟು ಬದಲಾಗಿ ಬೇರೊಬ್ಬನ ಕೈ ಬರುತ್ತದೆ. ಇವು ಯಾವುವೂ ಬದಲಾಗದಿದ್ದಾಗಲೂ ಒಂದು ಪೀಸಿಗೂ ಅದರ ಮುಂದಿನದಕ್ಕೂ ನಾಲ್ಕಾರು ಮೈಕ್ರಾನುಗಳ ಅಂತರ ಇದ್ದೇ ಇರುತ್ತದೆ. ಆ ಅಂತರಕ್ಕೆ ಕಾರಣ ಹುಡುಕಿ ಹೊರಟವನು ಹುಡುಕುತ್ತಲೇ ಇರಬೇಕಾದೀತು. ಈ ಉದ್ಯೋಗದಲ್ಲಿ ನಾಲ್ಕು ದಶಕಗಳನ್ನು ಕಳೆದವನು ನಾನು. ಕಬ್ಬಿಣದ ವಿಷಯದಲ್ಲಿ ಇಷ್ಟೊಂದು ತಾಳ್ಮೆಯಿಂದ ವರ್ತಿಸುವ ನಮ್ಮ ಜನ, ಕ್ರಿಕೆಟ್ಟಿನ ಮಾತು ಬಂದೊಡನೆ ಮೊದಲ ಪೀಸನ್ನು ನೋಡಿಯೇ ಇಡೀ ಬ್ಯಾಚನ್ನು ಗುಜರಿಗೆ ಎಸೆದುಬಿಡುತ್ತಾರಲ್ಲ, ಅದೇ ನನಗೆ ಬಹುಕಾಲದ ಸೋಜಿಗ.

ಈಚಿನ ಉದಾಹರಣೆಯೊಂದನ್ನು ಓದುಗರು ಮರೆತಿರಲಾರರು. 2024ರ ಅಕ್ಟೋಬರ್ 17ರಂದು ನಮ್ಮ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ಭಾರತದ ತಂಡವು ನ್ಯೂಜಿಲೆಂಡಿನ ಎದುರು 46 ಓಟಗಳಿಗೆ ಉರುಳಿತು. ಸ್ವದೇಶದ ನೆಲದಲ್ಲಿ ಭಾರತ ಗಳಿಸಿದ ಅತಿ ಕಡಿಮೆ ಮೊತ್ತ ಅದು. ಹಿಂದಿನ ದಿನದ ಆಟವನ್ನೆಲ್ಲ ಮಳೆ ನುಂಗಿತ್ತು. ಆಕಾಶ ಇನ್ನೂ ತಿಳಿಯಾಗಿರಲಿಲ್ಲ. ಅಂಥ ಬೆಳಗಿನಲ್ಲಿ ಮೊದಲು ದಾಂಡು ಹಿಡಿಯುವ ನಿರ್ಧಾರವನ್ನು ನಮ್ಮ ನಾಯಕರೇ ಕೈಗೊಂಡಿದ್ದರು. ಮ್ಯಾಟ್ ಹೆನ್ರಿ 15 ಓಟ ಕೊಟ್ಟು ಐದು ಹುದ್ದರಿಗಳನ್ನೂ, ವಿಲಿಯಂ ಓರೂರ್ಕ್ 22ಕ್ಕೆ ನಾಲ್ಕನ್ನೂ ಕಿತ್ತರು. ಐವರು ಸೊನ್ನೆ ಸುತ್ತಿದರು. ಆ ಮಧ್ಯಾಹ್ನ ಪೀಣ್ಯ ಎರಡನೆಯ ಹಂತದ ಟೀ ಅಂಗಡಿಯ ಮುಂದೆ ಲೋಟ ಹಿಡಿದು ನಿಂತವರೆಲ್ಲರೂ ನ್ಯಾಯಾಧೀಶರೇ. ಒಬ್ಬರು ಇಡೀ ತಂಡಕ್ಕೆ ನಿವೃತ್ತಿ ಕೊಡಿಸಿದರು. ಇನ್ನೊಬ್ಬರು, ದುಡ್ಡು ಹೆಚ್ಚಾದರೆ ಆಟ ಹೀಗೆಯೇ ಆಗುವುದೆಂದು ತೀರ್ಪಿತ್ತರು. ಟೀ ಅಂಗಡಿಯ ಯಜಮಾನ ಮಾತ್ರ ಲೋಟ ತೊಳೆಯುತ್ತ, “ಇನ್ನೊಂದು ಇನ್ನಿಂಗ್ಸ್ ಐತಲ್ಲ ಸಾರ್” ಎಂದ.

ಇತ್ತು. ಆ ಎರಡನೆಯ ಸರದಿಯಲ್ಲಿ ಇದೇ ಭಾರತ 462 ಓಟ ಗಳಿಸಿತು. ಮೊದಲ ಸಲ ಸೊನ್ನೆಗೆ ಹೋಗಿದ್ದ ಸರ್ಫರಾಜ್ ಖಾನ್ 150 ಹೊಡೆದರು. ರಿಷಭ್ ಪಂತ್ 99ಕ್ಕೆ ಔಟಾದರು. ಅದೇ ಹನ್ನೊಂದು ಮಂದಿ, ಅದೇ ಪಿಚ್ಚು, ಎದುರಿಗೆ ಅದೇ ಚೆಂಡೆಸೆತಗಾರರು. ನಡುವೆ ಕಳೆದದ್ದು ಎರಡೇ ದಿನ. ಪಂದ್ಯವನ್ನು ಎಂಟು ಹುದ್ದರಿಗಳಿಂದ ಸೋತೆವೆಂಬುದು ಬೇರೆ ಮಾತು. ಈಗ ಹೇಳಿ: ಈ ತಂಡದ ನಿಜವಾದ ಬೆಲೆ 46ರದೋ, 462ರದೋ? ಟೀ ಅಂಗಡಿಯ ನ್ಯಾಯಾಧೀಶರಿಗೆ ಈ ಪ್ರಶ್ನೆ ಕಾಡಿದಂತೆ ಕಾಣಲಿಲ್ಲ. ಶನಿವಾರದ ಹೊತ್ತಿಗೆ ಅವರೆಲ್ಲ ಸರ್ಫರಾಜರ ಅಭಿಮಾನಿಗಳಾಗಿದ್ದರು.

ಮುಂದೆ ನಡೆದದ್ದು ಇನ್ನೂ ವಿಚಿತ್ರ. ಪುಣೆಯಲ್ಲಿ ವೇಗದ ಚೆಂಡಿಗೆ ಬದಲು ತಿರುಗುವ ಚೆಂಡಿನ ಪಿಚ್ಚು ಸಿದ್ಧವಾಗಿತ್ತು. ಹೊಸದಾಗಿ ತಂಡಕ್ಕೆ ಬಂದ ವಾಷಿಂಗ್ಟನ್ ಸುಂದರ್ ಎರಡು ಸರದಿಗಳಲ್ಲಿ ಹನ್ನೊಂದು ಹುದ್ದರಿ ಪಡೆದರು. ಎದುರಾಳಿ ಮಿಚೆಲ್ ಸ್ಯಾಂಟ್ನರ್ ಹದಿಮೂರು ಪಡೆದರು. ಭಾರತ 113 ಓಟಗಳಿಂದ ಸೋತಿತು. ಮುಂಬಯಿಯಲ್ಲಿ 25 ಓಟಗಳಿಂದ. ಮೂರು ಅಥವಾ ಹೆಚ್ಚು ಪಂದ್ಯಗಳ ಸರಣಿಯೊಂದರಲ್ಲಿ ಭಾರತ ತನ್ನ ನೆಲದ ಮೇಲೆ ಎಲ್ಲವನ್ನೂ ಸೋತದ್ದು ಅದೇ ಮೊದಲು. ಇಂಥ ತಂಡ ಮೂರು ವಾರ ಕಳೆಯುವುದರೊಳಗೆ ಆಸ್ಟ್ರೇಲಿಯಾದ ಪರ್ತಿಗೆ ಹೋಗಿ, ಮೊದಲ ಸರದಿಯಲ್ಲಿ 150ಕ್ಕೇ ಕುಸಿದು, ಕೊನೆಗೆ ಪಂದ್ಯವನ್ನು 295 ಓಟಗಳಿಂದ ಗೆದ್ದಿತು. ಅದಾದ ಹದಿಮೂರೇ ದಿನಗಳಲ್ಲಿ ಅಡಿಲೇಡಿನಲ್ಲಿ ಹತ್ತು ಹುದ್ದರಿಗಳ ಸೋಲು.

ಸರಣಿ ಎಂಬುದರ ಸ್ವಭಾವವೇ ಹೀಗೆ. ಬಿಡಿ ಪಂದ್ಯದಲ್ಲಿ ಗೆದ್ದವನು ಗೆದ್ದ, ಸೋತವನು ಮನೆಗೆ ಹೋದ. ಸರಣಿಯಲ್ಲಿ ಹಾಗಲ್ಲ. ಅದೇ ಇಬ್ಬರು ಮತ್ತೆ ಮತ್ತೆ ಎದುರುಬದುರಾಗುತ್ತಾರೆ. ಒಬ್ಬರ ಗುಟ್ಟನ್ನು ಇನ್ನೊಬ್ಬರು ಕಲಿಯುತ್ತಾರೆ. ಊರು ಬದಲಾಗುತ್ತದೆ, ಮಣ್ಣು ಬದಲಾಗುತ್ತದೆ, ಯಾರದೋ ಬೆರಳು ಮುರಿಯುತ್ತದೆ. ಹೆಸರು ಒಂದೇ ಆದರೂ ಮೊದಲ ಪಂದ್ಯದ ತಂಡ ಮೂರನೆಯ ಪಂದ್ಯಕ್ಕೆ ಬರುವಾಗ ಅದೇ ತಂಡವಾಗಿ ಉಳಿದಿರುವುದಿಲ್ಲ.

ಇದನ್ನು ನಾನು ಮೊದಲು ಮನಗಂಡದ್ದು 1974ರಲ್ಲಿ. ಆಗ ನಾನು ಜಾಲಹಳ್ಳಿಯ ಕಡೆಯ ಕಾರ್ಖಾನೆಯೊಂದರಲ್ಲಿ ಅಪ್ರೆಂಟಿಸು. ಬೆಂಗಳೂರಿನಲ್ಲಿ ಅದುವರೆಗೆ ಟೆಸ್ಟ್ ಪಂದ್ಯವೇ ನಡೆದಿರಲಿಲ್ಲ. ಆ ವರ್ಷ ನವೆಂಬರ್ 22ರಂದು ವೆಸ್ಟ್ ಇಂಡೀಸಿನ ವಿರುದ್ಧ ಐದು ಪಂದ್ಯಗಳ ಸರಣಿಯ ಮೊದಲ ಆಟ ಇಲ್ಲಿಯೇ ಆರಂಭವಾಯಿತು. ಟಿಕೇಟು ನಮ್ಮಂಥವರ ಕೈಗೆಟುಕುವ ವಸ್ತುವಾಗಿರಲಿಲ್ಲ. ಕ್ಯಾಂಟೀನಿನ ಹಿಂದಿನ ಕಟ್ಟೆಯ ಮೇಲೆ ಯಾರೋ ಇಟ್ಟ ಟ್ರಾನ್ಸಿಸ್ಟರಿನ ಸುತ್ತ ಊಟದ ಬಿಡುವಿನಲ್ಲಿ ಮೂವತ್ತು ಮಂದಿ ಕೂಡುತ್ತಿದ್ದೆವು. ನಮಗೆ ಇಂಗ್ಲಿಷ್ ವಿವರಣೆ ಅರೆಬರೆ ತಿಳಿಯುತ್ತಿತ್ತು. ಆದರೆ ವಿಶ್ವನಾಥ್, ಚಂದ್ರಶೇಖರ್, ಪ್ರಸನ್ನ ಎಂಬ ಹೆಸರುಗಳು ಯಾವ ಭಾಷೆಯಲ್ಲಿ ಕೇಳಿದರೂ ನಮ್ಮವೇ.

ಪಂದ್ಯವನ್ನು 267 ಓಟಗಳಿಂದ ಸೋತೆವು. ಕ್ಲೈವ್ ಲಾಯ್ಡ್ 163 ಹೊಡೆದರು. ಆಗಷ್ಟೆ ಟೆಸ್ಟ್ ರಂಗಕ್ಕೆ ಕಾಲಿಟ್ಟ ಗಾರ್ಡನ್ ಗ್ರೀನಿಜ್ 93 ಮತ್ತು 107 ಮಾಡಿದರು. ನಾಯಕ ಪಟೌಡಿಯೂ ಗೂಟರಕ್ಷಕ ಎಂಜಿನಿಯರೂ ಗಾಯಗೊಂಡು ಎರಡನೆಯ ಸರದಿಯಲ್ಲಿ ದಾಂಡು ಹಿಡಿಯಲೇ ಇಲ್ಲ. ಭಾರತ 118ಕ್ಕೆ ಮುಗಿಯಿತು. ದಿಲ್ಲಿಯ ಎರಡನೆಯ ಪಂದ್ಯದಲ್ಲಿ ಪಟೌಡಿಯೂ ಇಲ್ಲ, ಗಾವಸ್ಕರರೂ ಇಲ್ಲ. ವೆಂಕಟರಾಘವನ್ ನಾಯಕರಾದರು. ಒಂದು ಸರದಿ ಮತ್ತು 17 ಓಟಗಳ ಸೋಲು. ಕಲ್ಕತ್ತೆಯ ಮುಂದಿನ ಪಂದ್ಯಕ್ಕೆ ಪಟೌಡಿ ಹಿಂತಿರುಗಿದಾಗ, ದಿಲ್ಲಿಯಲ್ಲಿ ನಾಯಕರಾಗಿದ್ದ ವೆಂಕಟರಾಘವನ್ನರಿಗೆ ದೊರೆತದ್ದು ಹನ್ನೆರಡನೆಯವರ ಸ್ಥಾನ. ಎರಡು ವಾರದ ಹಿಂದೆ ಹನ್ನೊಂದು ಮಂದಿಗೆ ಅಪ್ಪಣೆ ಕೊಟ್ಟವರು ಈಗ ಅದೇ ಮಂದಿಗೆ ನೀರು ಹೊತ್ತುಕೊಡಬೇಕು! ನಮ್ಮ ಕಾರ್ಖಾನೆಯಲ್ಲಿ ಇಂಥದು ನಡೆದಿದ್ದರೆ ಯೂನಿಯನ್ನಿನವರು ಗೇಟಿನ ಮುಂದೆ ಕೂತುಬಿಡುತ್ತಿದ್ದರು.

ಎರಡು ಪಂದ್ಯ, ಎರಡು ಹೀನಾಯ ಸೋಲು. ಕಟ್ಟೆಯ ಮೇಲಿನ ಮೂವತ್ತು ಮಂದಿ ಹತ್ತಕ್ಕೆ ಇಳಿದರು. ಇನ್ನುಳಿದ ಮೂರನ್ನೂ ಸೋತು ಮುಗಿಸುತ್ತಾರೆಂಬುದು ಎಲ್ಲರ ಎಣಿಕೆಯಾಗಿತ್ತು. ಅಂಶುಮಾನ್ ಗಾಯಕ್ವಾಡ್, ಕರ್ಸನ್ ಘಾವ್ರಿ ಎಂಬಿಬ್ಬರು ಹೊಸಬರನ್ನು ಸೇರಿಸಿಕೊಂಡ ತಂಡ ಕಲ್ಕತ್ತೆಯಲ್ಲಿ 85 ಓಟಗಳಿಂದ ಗೆದ್ದಿತು. ಮದರಾಸಿನಲ್ಲಿ 100 ಓಟಗಳಿಂದ ಗೆದ್ದಿತು. ಸರಣಿ ಎರಡಕ್ಕೆ ಎರಡು! ಮುಂಬಯಿಯ ಐದನೆಯ ಪಂದ್ಯದ ಹೊತ್ತಿಗೆ ಕಟ್ಟೆಯ ಮೇಲೆ ಜಾಗ ಸಾಲದೆ ಹುಡುಗರು ಸೈಕಲ್ ಸ್ಟ್ಯಾಂಡಿನ ತನಕ ನಿಂತಿದ್ದರು. ಅಲ್ಲಿ ಲಾಯ್ಡ್ ಔಟಾಗದೆ 242 ಹೊಡೆದರು, ಎದುರಾಳಿಗಳ ಮೊತ್ತ ಆರು ಹುದ್ದರಿಗೆ 604ಕ್ಕೆ ಹೋಯಿತು, ನಾವು 201 ಓಟಗಳಿಂದ ಸೋತೆವು.

ಈ ಸರಣಿಯಲ್ಲಿ ನನಗೆ ಅತ್ಯಂತ ಪ್ರಿಯವಾದ ವಿಷಯ ಗೆಲುವು ಸೋಲುಗಳ ಲೆಕ್ಕವಲ್ಲ; ಭದ್ರಾವತಿಯಲ್ಲಿ ಹುಟ್ಟಿದ ಗುಂಡಪ್ಪ ವಿಶ್ವನಾಥರ ಹತ್ತು ಸರದಿಗಳ ಲೆಕ್ಕ. ಬೆಂಗಳೂರಿನಲ್ಲಿ 29, 22. ದಿಲ್ಲಿಯಲ್ಲಿ 32, 39. ಸೊನ್ನೆಗಳಲ್ಲ, ಆದರೆ ತಂಡ ಮುಳುಗುತ್ತಿರುವಾಗ ತಂಡದ ಮುಖ್ಯ ದಾಂಡಿಗನಿಂದ ಜನ ಬಯಸುವ ಅಂಕೆಗಳೂ ಅಲ್ಲ. ಸ್ವಂತ ಊರಿನ ಮೊದಲ ಟೆಸ್ಟಿನಲ್ಲಿ ಎರಡೂ ಸರದಿ ಸೇರಿ 51 ಎಂದರೆ, ಅಂದಿನ ನಮ್ಮ ಕಟ್ಟೆಯ ತೀರ್ಪಿನ ಪ್ರಕಾರ ಅವರಿಗೆ ರೈಲು ಟಿಕೇಟು ಕೊಟ್ಟು ಕಳಿಸುವುದೇ ಬಾಕಿ. ಆಯ್ಕೆಗಾರರು ಕಳಿಸಲಿಲ್ಲ. ಕಲ್ಕತ್ತೆಯಲ್ಲಿ 52 ಮತ್ತು 139. ಮದರಾಸಿನಲ್ಲಿ ಆಂಡಿ ರಾಬರ್ಟ್ಸ್ 64 ಓಟಕ್ಕೆ ಏಳು ಹುದ್ದರಿ ಉರುಳಿಸಿದ ಆ ಭೀಕರ ದಿನ ಔಟಾಗದೆ 97. ಅಂದು ತಂಡದ ಒಟ್ಟು ಮೊತ್ತವೇ 190. ಉಳಿದ ಹತ್ತು ಮಂದಿಯ ಗಳಿಕೆಯೂ ಇತರೆ ಓಟಗಳೂ ಎಲ್ಲ ಸೇರಿ 93. ಎರಡನೆಯ ಸರದಿಯಲ್ಲಿ 46. ಮುಂಬಯಿಯಲ್ಲಿ 95, 17. ಕೂಡಿದರೆ 568. ಶತಕಗಳ ಪಟ್ಟಿಯಲ್ಲಿ ಜಾಗವಿಲ್ಲದ ಆ 97ನ್ನು ಇಂದಿಗೂ ಹಿರಿಯರು ಬಾಯಿ ಚಪ್ಪರಿಸಿ ನೆನೆಯುತ್ತಾರೆ.

ಎದುರಾಳಿಗಳ ಪಾಳೆಯದಲ್ಲಿಯೂ ಇಂಥದೇ ಕಥೆ. ಬೆಂಗಳೂರಿನಲ್ಲಿ ಗ್ರೀನಿಜರೊಡನೆ ಇನ್ನೊಬ್ಬ ತರುಣನೂ ಮೊದಲ ಟೆಸ್ಟ್ ಆಡಿದ. ನಮ್ಮ ಚಂದ್ರಶೇಖರರು ಅವನನ್ನು ಎರಡು ಸಲವೂ ಔಟ್ ಮಾಡಿದರು: ಒಮ್ಮೆ 4ಕ್ಕೆ, ಒಮ್ಮೆ 3ಕ್ಕೆ. ಲಾಯ್ಡ್ ಅವನನ್ನು ಕೈಬಿಡಲಿಲ್ಲ. ದಿಲ್ಲಿಯಲ್ಲಿ ಆ ಹುಡುಗ ಔಟಾಗದೆ 192 ಹೊಡೆದ. ಅವನ ಹೆಸರು ವಿವಿಯನ್ ರಿಚರ್ಡ್ಸ್. ಬೆಂಗಳೂರಿನ ಪಂದ್ಯವೊಂದನ್ನೇ ನೋಡಿ ಮನೆಗೆ ಹೋದವನೊಬ್ಬ, ಈ ಇಬ್ಬರು ಹೊಸಬರಲ್ಲಿ ಯಾರು ಮುಂದೆ ಜಗತ್ತನ್ನು ಆಳುವವನು ಎಂದು ಕೇಳಿದರೆ ಏನು ಉತ್ತರ ಕೊಟ್ಟಿರುತ್ತಿದ್ದ?

ಈಗ ಸ್ವಲ್ಪ ಅಮೆರಿಕಕ್ಕೆ ಹೋಗಿ ಬರಬೇಕು. ಅಲ್ಲಿಗೆ ನನ್ನನ್ನು ಕರೆದೊಯ್ದವನು ದಾಸರಹಳ್ಳಿಯಲ್ಲಿ ನಮ್ಮ ಎದುರು ಮನೆಯ ಹುಡುಗ. ಅವನು ದಿನವೂ ಮೆಟ್ರೋ ಹಿಡಿದು ಮೆಜೆಸ್ಟಿಕ್ಕಿನಲ್ಲಿ ಬಂಡಿ ಬದಲಿಸಿ ವೈಟ್‌ಫೀಲ್ಡಿನ ಸಾಫ್ಟ್‌ವೇರ್ ಕಚೇರಿಗೆ ಹೋಗುವವನು. ಅವನ ಗಿರಾಕಿಗಳು ಬಾಸ್ಟನ್ನಿನವರು. ಅವರೊಡನೆ ಮಾತಿಗೆ ವಿಷಯ ಬೇಕೆಂದು ಬೇಸ್‌ಬಾಲ್ ಕಲಿಯಲು ಹೊರಟು, ಈಗ ಅದರ ಭಕ್ತನೇ ಆಗಿದ್ದಾನೆ. ಅಕ್ಟೋಬರ್ ತಿಂಗಳಲ್ಲಿ ಅಲ್ಲಿನ ರಾತ್ರಿ ಎಂಟರ ಆಟ ನಮಗೆ ಬೆಳಗಿನ ಐದೂವರೆ. ಹಾಲಿನವನು ಬರುವ ಹೊತ್ತಿಗೆ ಎದುರು ಮನೆಯಿಂದ ಅಮೆರಿಕದ ಕೂಗಾಟ ಕೇಳಿಬರುತ್ತದೆ.

“ನಮ್ಮ ಕ್ರಿಕೆಟ್ ಥರ ಅಲ್ಲ ಅಂಕಲ್. ಅಲ್ಲಿ ಒಂದು ಟೀಮು ವರ್ಷಕ್ಕೆ 162 ಮ್ಯಾಚ್ ಆಡುತ್ತೆ. ನೂರು ಗೆದ್ದರೆ ಮಹಾ ಟೀಮು ಅಂತಾರೆ” ಎಂದು ಅವನು ಒಂದು ದಿನ ಹೇಳಿದ. ನಾನು ಆ ಮಾತನ್ನು ತಿರುಗಿಸಿ ನೋಡಿದೆ. ನೂರು ಗೆದ್ದರೆ ಮಹಾ ತಂಡವೆಂದರೆ, ಮಹಾ ತಂಡವೂ ಅರುವತ್ತೆರಡು ಸಲ ಸೋತು ಮನೆಗೆ ಬರುತ್ತದೆಂದು ಅರ್ಥ. ಹತ್ತರಲ್ಲಿ ನಾಲ್ಕು ಸೋಲು! ಅಲ್ಲಿನ ಟೀ ಅಂಗಡಿಗಳಲ್ಲಿ ಜನ ಹೇಗೆ ಬದುಕುತ್ತಾರೋ.

ಆ ಆಟದ ಒಳಗುಟ್ಟೊಂದನ್ನು ಅವನೇ ತಿಳಿಸಿದ. ಚೆಂಡೆಸೆಯುವ ಮುಖ್ಯ ಆಟಗಾರ, ಅವರು ಪಿಚರ್ ಎನ್ನುತ್ತಾರೆ, ಒಂದು ದಿನ ಎಸೆದರೆ ಮುಂದೆ ನಾಲ್ಕು ದಿನವಾದರೂ ಅವನ ತೋಳಿಗೆ ವಿಶ್ರಾಂತಿ ಬೇಕು. ಆದ್ದರಿಂದ ಪ್ರತಿ ತಂಡವೂ ಐವರು ಪಿಚರ್‌ಗಳನ್ನು ಇರಿಸಿಕೊಂಡು ಸರದಿಯಂತೆ ಇಳಿಸುತ್ತದೆ. ಹಾಗಾಗಿ ಮಂಗಳವಾರದ ತಂಡವೂ ಬುಧವಾರದ ತಂಡವೂ ಅಂಗಿಯ ಬಣ್ಣದಲ್ಲಿ ಮಾತ್ರ ಒಂದು. ಒಂದೇ ಊರಿನಲ್ಲಿ ಅದೇ ಇಬ್ಬರು ಎರಡು ಮೂರು ದಿನ ಸತತವಾಗಿ ಆಡಿದರೂ ಫಲಿತಾಂಶ ಬೇರೆ ಬೇರೆಯಾಗಲು ಇದೊಂದೇ ಸಾಕು.

2004ರ ಅಕ್ಟೋಬರಿನಲ್ಲಿ ಬಾಸ್ಟನ್ ರೆಡ್ ಸಾಕ್ಸ್ ತಂಡ ನ್ಯೂಯಾರ್ಕ್ ಯಾಂಕೀಸಿನ ಎದುರು ಏಳು ಪಂದ್ಯಗಳ ಸರಣಿ ಆಡಿತು. ನಾಲ್ಕು ಗೆದ್ದವರಿಗೆ ಜಯ. ಮೊದಲ ಮೂರನ್ನೂ ಬಾಸ್ಟನ್ ಸೋತಿತು. ಮೂರನೆಯದನ್ನಂತೂ 19ಕ್ಕೆ 8ರಿಂದ. ನಾಲ್ಕನೆಯದನ್ನು ಹನ್ನೆರಡು ಸರದಿಗಳ ತನಕ ಎಳೆದು ಗೆದ್ದಿತು. ಐದನೆಯದನ್ನು ಹದಿನಾಲ್ಕರ ತನಕ. ಆರನೆಯ ಪಂದ್ಯಕ್ಕೆ ಇಳಿದವನು ಕರ್ಟ್ ಶಿಲ್ಲಿಂಗ್. ಮೊದಲ ಪಂದ್ಯದಲ್ಲಿ ಕಾಲಿನ ನೋವಿನಿಂದ ಮೂರೇ ಸರದಿಗಳಲ್ಲಿ ಆರು ಓಟ ಕೊಟ್ಟು ಹೊರನಡೆದಿದ್ದವನು. ವೈದ್ಯರು ಅವನ ಹಿಮ್ಮಡಿಯ ಬಳಿಯ ಸ್ನಾಯುವನ್ನು ಹೊಲಿಗೆ ಹಾಕಿ ನಿಲ್ಲಿಸಿದ್ದರು. ಕಾಲುಚೀಲದ ಮೇಲೆ ರಕ್ತ ಒಸರುತ್ತಿರುವಂತೆಯೇ ಅವನು ಏಳು ಸರದಿ ಎಸೆದು ಒಂದೇ ಓಟ ಕೊಟ್ಟ. ಏಳನೆಯ ಪಂದ್ಯವನ್ನೂ ಗೆದ್ದು, ಮುಂದೆ 1918ರಿಂದ ಕೈಗೆಟುಕದಿದ್ದ ಕಿರೀಟವನ್ನೂ ಬಾಸ್ಟನ್ ಗಳಿಸಿತು. ಮೊದಲ ಮೂರು ಸೋತು ಉಳಿದ ನಾಲ್ಕೂ ಗೆದ್ದ ತಂಡ ಅಲ್ಲಿನ ದೊಡ್ಡ ಲೀಗುಗಳ ಚರಿತ್ರೆಯಲ್ಲಿ ಅದುವರೆಗೆ ಇರಲಿಲ್ಲ.

ಇದರಲ್ಲಿ ಛಲ ಎಷ್ಟು, ದೈವ ಎಷ್ಟು? ಹುಡುಗ ಛಲವೆನ್ನುತ್ತಾನೆ. ನಾನು ಹಳೆಯ ಇನ್ಸ್‌ಪೆಕ್ಟರ್. ಲೆಕ್ಕ ಹಾಕದೆ ಬಿಡಲಾರೆ. ಎರಡು ತಂಡಗಳು ನಿಜವಾಗಿ ಸಮಬಲದವೆಂದು ಇಟ್ಟುಕೊಳ್ಳಿ; ಪ್ರತಿ ಪಂದ್ಯವೂ ನಾಣ್ಯ ಚಿಮ್ಮಿದಂತೆ. ಹಾಗಿದ್ದರೆ ಮೂರು ಸೋತವನು ಮುಂದಿನ ನಾಲ್ಕೂ ಗೆಲ್ಲುವ ಸಂಭವ ಹದಿನಾರರಲ್ಲಿ ಒಂದು. ಅಪರೂಪ, ಆದರೆ ಪವಾಡವಲ್ಲ. ಅಂಥ ಸಮಬಲರ ಏಳು ಪಂದ್ಯಗಳ ಸರಣಿ ಎಂಟರಲ್ಲಿ ಒಂದು ಸಲ ನಾಲ್ಕೇ ಪಂದ್ಯಗಳಲ್ಲಿ ಮುಗಿದುಹೋಗುತ್ತದೆ. ಆಗ ಸೋತವರನ್ನು ಜನ ಸತ್ವಹೀನರೆನ್ನುತ್ತಾರೆ, ಗೆದ್ದವರ ಮನೋಬಲದ ಮೇಲೆ ಪುಟಗಟ್ಟಲೆ ಬರೆಯುತ್ತಾರೆ. ಇಬ್ಬರೂ ಸಮಾನರೆಂಬ ಸತ್ಯ ನಾಣ್ಯಕ್ಕೆ ಮಾತ್ರ ಗೊತ್ತು.

ಹಾಗೆಂದು ಎಲ್ಲವನ್ನೂ ನಾಣ್ಯದ ತಲೆಗೆ ಕಟ್ಟಲೂ ನನಗೆ ಮನಸ್ಸಿಲ್ಲ. 2017ರ ಸರಣಿಯಲ್ಲಿ ಪುಣೆಯ ಧೂಳಿನ ಪಿಚ್ಚಿನ ಮೇಲೆ ಆಸ್ಟ್ರೇಲಿಯಾಕ್ಕೆ 333 ಓಟಗಳಿಂದ ಸೋತ ಭಾರತ, ಮುಂದಿನ ವಾರವೇ ಬೆಂಗಳೂರಿನಲ್ಲಿ 75 ಓಟಗಳಿಂದ ಗೆದ್ದಿತು. ಮೊದಲ ಸರದಿಯಲ್ಲಿ ನೇಥನ್ ಲಯನ್ ಎಂಟು ಹುದ್ದರಿ ಕಿತ್ತು ನಮ್ಮನ್ನು 189ಕ್ಕೆ ಮುಗಿಸಿದಾಗ ಅದರಲ್ಲಿ 90 ಓಟ ನಮ್ಮ ಕೆ.ಎಲ್. ರಾಹುಲರದು, ಎರಡನೆಯದರಲ್ಲಿ 51. ಪುಣೆಯಲ್ಲಿ ತಿರುಗುವ ಚೆಂಡಿಗೆ ಬಲಿಯಾದವರು ಏನನ್ನೋ ಕಲಿತು ಬಂದಿದ್ದರೆಂಬುದು ಆಟ ನೋಡಿದವರಿಗೆ ಸ್ಪಷ್ಟವಾಗಿತ್ತು. ಕಲಿಕೆ, ನೆಲ, ಆಳು, ದೈವ ಇವು ನಾಲ್ಕೂ ಒಂದೇ ಹಗ್ಗದ ಎಳೆಗಳು; ಬಿಡಿಸಿ ತೂಗಿ ಕೊಡಿ ಎಂದರೆ ಯಾವ ತಕ್ಕಡಿಯೂ ಇಲ್ಲ. ಇದೇ ರಾಹುಲರು 2024ರಲ್ಲಿ ಇದೇ ಮೈದಾನದಲ್ಲಿ 0 ಮತ್ತು 12 ಮಾಡಿ, ಪುಣೆ ಮುಂಬಯಿಗಳ ತಂಡದಿಂದ ಹೊರಬಿದ್ದರು. ಪರ್ತಿನ ಎರಡನೆಯ ಸರದಿಯಲ್ಲಿ 77 ಹೊಡೆದು, ಜೈಸ್ವಾಲರೊಡನೆ ಮೊದಲ ಹುದ್ದರಿಗೆ 201 ಕೂಡಿಸಿದವರೂ ಅವರೇ. 150 ಹೊಡೆದ ಸರ್ಫರಾಜರ ಗತಿ ತಿರುಗುಮುರುಗು: ಪುಣೆಯಲ್ಲಿ 11, 9, ಮುಂಬಯಿಯಲ್ಲಿ 0, 1, ಆಸ್ಟ್ರೇಲಿಯಾದ ಐದು ಪಂದ್ಯಗಳಲ್ಲಿ ಒಂದನ್ನೂ ಅವರು ಆಡಲಿಲ್ಲ.

ದೊಡ್ಡವರ ಮಾತು ಇಷ್ಟಿರಲಿ. ನಮ್ಮ ಪೀಣ್ಯದಲ್ಲಿಯೂ ಒಂದು ಸರಣಿ ಉಂಟು. ಆಯುಧಪೂಜೆಯಲ್ಲಿ ಒಡೆದ ಬೂದುಗುಂಬಳದ ಕುಂಕುಮ ರಸ್ತೆಯಿಂದ ಮಾಸುವ ಮುಂಚೆಯೇ ನಮ್ಮ ಯೂನಿಟ್ಟಿಗೂ ಪಕ್ಕದ ಗೇರ್ ಕಾರ್ಖಾನೆಗೂ ಮೂರು ಭಾನುವಾರಗಳ ಆಟ ನಡೆಯುತ್ತದೆ. ಟೆನಿಸ್ ಚೆಂಡು, ಹತ್ತು ಓವರು, ಸೋತವರು ಗೆದ್ದವರಿಗೆ ಬಿರಿಯಾನಿ ಕೊಡಿಸಬೇಕು. ನಿವೃತ್ತನಾದ ಮೇಲೂ ವಾರಕ್ಕೆರಡು ದಿನ ಅಳತೆಯ ಕೋಣೆಗೆ ಹೋಗಿಬರುವ ನನ್ನನ್ನು ತಂಡದ ಪಟ್ಟಿ ಬರೆಯಲು ಕೂಡಿಸಿಕೊಳ್ಳುತ್ತಾರೆ. ಕಳೆದ ಸಲ ನಮ್ಮಲ್ಲಿ ಯಾದಗಿರಿ ಕಡೆಯ ಒಬ್ಬ ಹುಡುಗನಿದ್ದ. ಕಂಟ್ರಾಕ್ಟಿನ ಆಳು. ಗೇಟ್ ಪಾಸಿನಲ್ಲಿ ನಂಬರು, ಹಾಜರಿಯಲ್ಲಿ ನಂಬರು. ಕಾಯಂ ಜನರ ಸಾಲಿನಲ್ಲಿ ಅವನ ಹೆಸರನ್ನು ಹೆಸರಾಗಿ ಬರೆಯುವ ಜಾಗ ನೋಟೀಸು ಹಲಗೆಯ ಮೇಲೆ ಅಂಟಿಸುವ ಆ ಹನ್ನೊಂದರ ಪಟ್ಟಿಯೊಂದೇ.

ಮೊದಲ ಭಾನುವಾರ ಮಣ್ಣಿನ ಮೈದಾನದಲ್ಲಿ ಅವನು ನಿಧಾನವಾಗಿ ಚೆಂಡು ತಿರುಗಿಸಿ ಒಂಬತ್ತು ಓಟಕ್ಕೆ ನಾಲ್ವರನ್ನು ಔಟ್ ಮಾಡಿದ. ಹುಡುಗರು ಹೆಗಲ ಮೇಲೆ ಹೊತ್ತು ತಂದರು. ಎರಡನೆಯ ಭಾನುವಾರ ಶಾಲೆಯೊಂದರ ಸಿಮೆಂಟು ಪಿಚ್ಚು. ಎರಡು ಓವರಿಗೆ ಮೂವತ್ತೊಂದು ಓಟ ಹೋದವು, ಪಂದ್ಯವೂ ಹೋಯಿತು. ಸೋಮವಾರ ಬೆಳಿಗ್ಗೆ ಫೋರ್ಮನ್ನರು ಪಟ್ಟಿಯಿಂದ ಅವನ ಹೆಸರನ್ನು ಹೊಡೆದು ಹಾಕಿಯೇ ನನ್ನ ಕಡೆಗೆ ಸರಿಸಿದರು. “ಒಂದು ದಿನ ಏನೋ ಲಕ್ಕು ಸಾರ್. ಅವನ ಬಂಡವಾಳ ಗೊತ್ತಾಯ್ತಲ್ಲ.”

ನಾನು ಹುಡುಗನನ್ನು ಕರೆಸಿದೆ. ಅವನು ಎಣ್ಣೆಯ ಕೈ ಒರೆಸಿಕೊಳ್ಳುತ್ತ ಬಾಗಿಲಲ್ಲೇ ನಿಂತ. “ಏನ್ ಮಾಡ್ಲಿರಿ ಸರ, ಮಣ್ಣಾಗ ಚೆಂಡು ಹಿಡೀತದ, ತಿರಗ್ತದ. ಸಿಮೆಂಟಿನ ಮ್ಯಾಲ ಜಾರಿ ಸೀದಾ ಹೋಗ್ತದ” ಎಂದ. ನಲವತ್ತು ವರ್ಷ ರಿಜೆಕ್ಷನ್ ರಿಪೋರ್ಟು ಓದಿದ ನಾನು ಇಷ್ಟು ಚೊಕ್ಕವಾದ ವರದಿಯನ್ನು ಹೆಚ್ಚು ನೋಡಿಲ್ಲ. ಮೂರನೆಯ ಪಂದ್ಯ ಎಲ್ಲಿ ಎಂದು ಫೋರ್ಮನ್ನರನ್ನು ಕೇಳಿದೆ. ಮಣ್ಣಿನ ಮೈದಾನದಲ್ಲಿಯೇ. “ಹಾಗಾದರೆ ಇರಲಿ ಬಿಡಿ” ಎಂದು ಹೊಡೆದುಹಾಕಿದ ಹೆಸರಿನ ಕೆಳಗೆ ಅದೇ ಹೆಸರನ್ನು ಮತ್ತೆ ಬರೆದೆ. ಅವರು ಒಪ್ಪಿದರೋ, ನನ್ನ ನರೆಗೂದಲಿಗೆ ಮರ್ಯಾದೆ ಕೊಟ್ಟರೋ, ಸುಮ್ಮನಾದರು.

ಮೂರನೆಯ ಭಾನುವಾರ ಹುಡುಗ ಎರಡು ಓವರು ಎಸೆದು ಹದಿನಾಲ್ಕು ಓಟ ಕೊಟ್ಟು ಒಬ್ಬನನ್ನು ಔಟ್ ಮಾಡಿದ. ನಾವು ಮೂರು ಓಟಗಳಿಂದ ಸೋತೆವು. ಆ ಹದಿನಾಲ್ಕು ಹೆಚ್ಚಾಯಿತೆಂದು ಫೋರ್ಮನ್ನರೂ, ಹತ್ತು ಓವರಿನ ಆಟದಲ್ಲಿ ಅದು ಕಡಿಮೆಯೇ ಎಂದು ನಾನೂ ಬಿರಿಯಾನಿ ಮುಗಿಯುವ ತನಕ ವಾದಿಸಿದೆವು. ಮಾರ್ಚಿಗೆ ಕಂಟ್ರಾಕ್ಟು ಮುಗಿದು ಹುಡುಗ ಎಲೆಕ್ಟ್ರಾನಿಕ್ ಸಿಟಿಯಾಚೆ ಬೊಮ್ಮಸಂದ್ರದ ಯೂನಿಟ್ಟೊಂದಕ್ಕೆ ಹೋದ. ಈಚೆಗೆ ಫೋನು ಮಾಡಿದ್ದ. ಅಲ್ಲಿಯ ತಂಡದಲ್ಲಿಯೂ ಇದ್ದಾನಂತೆ; ಆದರೆ ಚೆಂಡು ಕೊಡುವುದಿಲ್ಲವಂತೆ, ಮೊದಲನೆಯವನಾಗಿ ದಾಂಡು ಹಿಡಿದು ಇಳಿಯುತ್ತಾನಂತೆ.